ಒಬ್ಬರೇ ಹೊತ್ತೊಯ್ಯುವ ಡೇರೆ: ಹಗುರವಾದರೆ ಸಾಲದು, ಗಾಳಿಗೆ ನಿಲ್ಲಬೇಕು

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಎಂದೊಡನೆ ಅಡಿಕೆ ವಹಿವಾಟು ಹಾಗೂ ವಿಶಾಲವಾದ ಕೆರೆ ನೆನಪಾಗುತ್ತವೆ. ಕೆರೆಯ ಆಸುಪಾಸಿನಲ್ಲಿ ತೋಟಗಳ ತಂಪಿದ್ದರೆ, ಅದರಾಚೆ ಕುರುಚಲು ಗಿಡಗಳ ಗುಡ್ಡಸಾಲು. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳು ಇಲ್ಲಿನ ಗಾಳಿಯ ಬಲಕ್ಕೆ ಸಾಕ್ಷಿಯಾಗಿವೆ. ಬೆನ್ನುಚೀಲ ಹೊತ್ತು ಒಂಟಿಯಾಗಿ ಚಾರಣ ಮಾಡುವವರು ಡೇರೆಯನ್ನು ಆರಿಸುವಾಗ ಮರೆಯಬಾರದ ಅಂಶವೂ ಇದೇ. ನಡುರಾತ್ರಿ ಡೇರೆ ಕುಸಿದರೆ ಹಿಡಿದುಕೊಳ್ಳಲು ಅವರ ಬಳಿ ಮತ್ತೊಬ್ಬರಿರುವುದಿಲ್ಲ.

ಒಬ್ಬರು ಹೊತ್ತು ನಡೆಯಬಲ್ಲ ಆಸರೆ ಈ ಸೀಮೆಗೆ ಹೊಸದೇನಲ್ಲ. ಚಳ್ಳಕೆರೆ ಭಾಗದಲ್ಲಿ ನೇಯುವ ಉಣ್ಣೆಯ ಕಂಬಳಿ ಕುರಿಗಾಹಿಗಳಿಗೆ ಹಾಸಿಗೆಯೂ ಹೌದು, ಹೊದಿಕೆಯೂ ಹೌದು, ಮಳೆಗೆ ಕೊಪ್ಪೆಯೂ ಹೌದು. ಆದರೆ ನೆನೆದ ಕಂಬಳಿ ಬಲು ಭಾರ. ಆ ಭಾರವನ್ನು ತಗ್ಗಿಸಿಕೊಂಡು ಅದೇ ರಕ್ಷಣೆ ಪಡೆಯುವುದು ಇಂದಿನ ಒಂಟಿ ಡೇರೆಯ ಉದ್ದೇಶ.

ತೂಕ ಎಷ್ಟಿರಬೇಕು?

ಬೆನ್ನ ಮೇಲಿನ ಒಟ್ಟು ಹೊರೆ ದೇಹತೂಕದ ಶೇ. 20ನ್ನು ಮೀರದಿರುವುದು ಲೇಸೆಂಬುದು ಚಾರಣಿಗರ ಸಾಮಾನ್ಯ ಲೆಕ್ಕ. 60 ಕಿಲೋ ತೂಗುವವರಿಗೆ ಇದು 12 ಕಿಲೋ. ನೀರು ವಿರಳವಾದ ಈ ಭಾಗದಲ್ಲಿ 3-4 ಲೀಟರ್ ನೀರನ್ನು ಹೊರಬೇಕಾಗುವುದರಿಂದ ಡೇರೆಗೆ ಉಳಿಯುವ ಪಾಲು ಅಲ್ಪ. ಒಂದರಿಂದ ಒಂದೂವರೆ ಕಿಲೋ ತೂಗುವ ಡೇರೆ ಉತ್ತಮ. ಕಡಿಮೆ ಬೆಲೆಯವು ಸಾಮಾನ್ಯವಾಗಿ ಎರಡು ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುತ್ತವೆ. ಕೊಳ್ಳುವಾಗ ಗೂಟ, ಹಗ್ಗ, ಚೀಲ ಸೇರಿದ ಪೂರ್ಣ ತೂಕವನ್ನೇ ಕೇಳಬೇಕು. ಕೆಲವು ತಯಾರಕರು ಇವನ್ನು ಬಿಟ್ಟು ತೂಕ ನಮೂದಿಸುವುದುಂಟು.

ನೆಲಕ್ಕೆ ತಕ್ಕ ರಚನೆ

ಅತಿ ಹಗುರವಾದ ಡೇರೆಗಳಲ್ಲಿ ಹಲವು, ನಡಿಗೆಯ ಕೋಲನ್ನೇ ಕಂಬವಾಗಿಸಿಕೊಂಡು ಗೂಟಗಳ ಬಿಗಿತದಿಂದ ನಿಲ್ಲುವಂಥವು. ಮೆತ್ತನೆಯ ಮಣ್ಣಿನಲ್ಲಿ ಇವು ಸೊಗಸು. ಗರಸು ಮಣ್ಣು ಮತ್ತು ಬಂಡೆಯ ನೆಲದಲ್ಲಿ ಗೂಟ ಇಳಿಯದು. ಗೂಟ ಕಿತ್ತರೆ ಡೇರೆಯೂ ಬಿದ್ದಂತೆ. ಆದ್ದರಿಂದ ಇಂಥ ನೆಲಕ್ಕೆ ಬಾಗುವ ಅಲ್ಯೂಮಿನಿಯಂ ಕಂಬಿಗಳ ಮೇಲೆ ತಾನಾಗಿ ನಿಲ್ಲುವ ಡೇರೆ ಸೂಕ್ತ. ಇನ್ನೂರು, ಮುನ್ನೂರು ಗ್ರಾಂ ಹೆಚ್ಚಾದರೂ ಚಿಂತೆಯಿಲ್ಲ. ಆದರೆ ತಾನಾಗಿ ನಿಂತ ಡೇರೆಯೂ ಗಾಳಿಗೆ ಹಾರಬಲ್ಲದು. ಅದರ ಹಗ್ಗಗಳನ್ನು ದೊಡ್ಡ ಕಲ್ಲುಗಳಿಗೆ ಬಿಗಿಯಲೇಬೇಕು.

ಒಳಗೆ ಜಾಲರಿ, ಹೊರಗೆ ಮಳೆ ತಡೆಯುವ ಹೊದಿಕೆ ಇರುವ ಎರಡು ಪದರದ ಡೇರೆಯಲ್ಲಿ ಉಸಿರಿನ ತೇವ ಹೊರಪದರದ ಮೇಲೆ ಹನಿಗಟ್ಟಿದರೂ ಮಲಗಿದವರನ್ನು ಅಷ್ಟಾಗಿ ನೆನೆಸದು. ಒಂದೇ ಪದರದ್ದು ಹಗುರವಾದರೂ ಈ ಅನುಕೂಲವಿಲ್ಲ. ಜಾಲರಿ ಮತ್ತು ಪೂರ್ತಿ ಮುಚ್ಚುವ ಜಿಪ್ ಸೊಳ್ಳೆ, ಚೇಳು, ಹಾವುಗಳನ್ನು ಹೊರಗಿಡುತ್ತವೆ. ಒಳಗಿನ ಉದ್ದ ಮಲಗುವವರ ಎತ್ತರಕ್ಕಿಂತ ಕನಿಷ್ಠ 30 ಸೆಂ.ಮೀ. ಹೆಚ್ಚಿರಲಿ.

ಬಟ್ಟೆಯ ಗುಣ

ನೈಲಾನ್ ಗಟ್ಟಿ; ಆದರೆ ನೆನೆದಾಗ ಹಿಗ್ಗಿ ಜೋಲುತ್ತದೆ. ಪಾಲಿಯೆಸ್ಟರ್ ಅಷ್ಟು ಜೋಲದು, ಬಿಸಿಲಿಗೂ ಹೆಚ್ಚು ಬಾಳುತ್ತದೆ. ಹೊರಹೊದಿಕೆಯ ಜಲನಿರೋಧ ಮಟ್ಟ 1,500ರಿಂದ 3,000 ಮಿ.ಮೀ. ಇದ್ದರೆ ಸಾಮಾನ್ಯ ಮಳೆಗೆ ಸಾಕು; ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿರಬೇಕು. ಜಾಲಿಮುಳ್ಳು ತೆಳುವಾದ ತಳವನ್ನು ಸುಲಭವಾಗಿ ಸೀಳುವುದರಿಂದ ಕೆಳಗೆ ಹಾಸಲು ಪ್ರತ್ಯೇಕ ಹಾಳೆ ಅವಶ್ಯ.

ಎಲ್ಲಿ, ಯಾವಾಗ?

ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ, ನೈಋತ್ಯ ದಿಕ್ಕಿನ ಗಾಳಿ ಪ್ರಬಲ. ಆಗ ಡೇರೆಯ ಕಿರಿದಾದ ಪಾರ್ಶ್ವ ಗಾಳಿಗೆ ಎದುರಾಗಿರಲಿ, ಬಾಗಿಲು ವಿರುದ್ಧ ದಿಕ್ಕಿಗಿರಲಿ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಗುಡುಗು ಮಳೆ ಹೆಚ್ಚು. ಯಾವ ಡೇರೆಯೂ ಸಿಡಿಲಿನಿಂದ ಕಾಪಾಡದು. ಆ ತಿಂಗಳುಗಳಲ್ಲಿ ನೆತ್ತಿಯ ಮೇಲೆ ತಂಗಬಾರದು. ಒಣಗಿದ ಹಳ್ಳದ ಪಾತ್ರವೂ ಸಲ್ಲದು, ಮೇಲೆಲ್ಲೋ ಸುರಿದ ಮಳೆ ಅಲ್ಲಿ ದಿಢೀರನೆ ಹರಿದು ಬರಬಹುದು. ಕೆರೆಯಂಚಿನಲ್ಲಿ ಇಬ್ಬನಿ, ಸೊಳ್ಳೆ ಎರಡೂ ಅಧಿಕ.

ಚಿತ್ರದುರ್ಗದ ಸಮೀಪದ ಜೋಗಿಮಟ್ಟಿ ವನ್ಯಜೀವಿ ಧಾಮ. ಅಲ್ಲಿ ಕರಡಿ, ಚಿರತೆಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಧಾಮದ ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದೆ ಅಲ್ಲಿ ಡೇರೆ ಹೂಡುವುದು ಅಪರಾಧ. ತೋಟ, ಹೊಲಗಳಲ್ಲಾದರೆ ಮಾಲೀಕರ ಒಪ್ಪಿಗೆ ಪಡೆಯುವುದು ಸೌಜನ್ಯವಷ್ಟೇ ಅಲ್ಲ, ಕ್ಷೇಮವೂ ಹೌದು. ಒಂಟಿಯಾಗಿ ತಂಗಿದವರು ಎಲ್ಲಿದ್ದಾರೆಂಬುದು ಊರಿನ ಒಬ್ಬರಿಗಾದರೂ ತಿಳಿದಿರುತ್ತದೆ.

ಹೊಸ ಡೇರೆಯನ್ನು ಗುಡ್ಡಕ್ಕೆ ಒಯ್ಯುವ ಮುನ್ನ ಒಂದು ರಾತ್ರಿ ಮನೆಯ ಅಂಗಳದಲ್ಲೋ ಮಾಳಿಗೆಯ ಮೇಲೋ ಕತ್ತಲಲ್ಲಿ ಒಬ್ಬರೇ ಹೂಡಿ, ನೀರೆರಚಿ ನೋಡುವುದು ಒಳಿತು. ಅಲ್ಲಿ ಕಾಣುವ ದೋಷವನ್ನು ಅಂಗಡಿಗೆ ಹಿಂದಿರುಗಿಸಬಹುದು. ಗುಡ್ಡದಲ್ಲಿ ಕಂಡದ್ದನ್ನು ಬೆಳಗಿನವರೆಗೆ ಸಹಿಸಬೇಕಾಗುತ್ತದೆ.