ಅಪರಾಧ ಮಾಹಿತಿ ವಿನಿಮಯ: ಠಾಣೆಯ ಕಡತದಿಂದ ಬೆರಳಚ್ಚಿನ ಜಾಲದವರೆಗೆ

ಆರೋಪಿಯ ಹೆಸರು, ಚಹರೆ, ಬೆರಳಚ್ಚು, ಕೃತ್ಯ ಎಸಗುವ ರೀತಿ ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ, ಜೈಲಿಗೆ, ನ್ಯಾಯಾಲಯಕ್ಕೆ ಸಕಾಲದಲ್ಲಿ ತಲುಪುವಂತೆ ಮಾಡುವ ಏರ್ಪಾಡೇ ಅಪರಾಧ ಮಾಹಿತಿ ವಿನಿಮಯ. ಅದು ಯಾಕೆ ಬೇಕೆಂಬುದು ದಾವಣಗೆರೆ ಜಿಲ್ಲೆಯ ಜಗಳೂರಿನಂಥ ಅಂಚಿನ ತಾಲ್ಲೂಕಿನಲ್ಲಿ ಬೇಗ ಗೊತ್ತಾಗುತ್ತದೆ. ಇಲ್ಲಿ ಬೈಕ್ ಕದ್ದವನು ಕೂಡ್ಲಿಗಿ ಕಡೆ ಹೊರಟರೆ ವಿಜಯನಗರ ಜಿಲ್ಲೆ, ಚಳ್ಳಕೆರೆ ಕಡೆ ಹೊರಟರೆ ಚಿತ್ರದುರ್ಗ. ಗಡಿಗಳೂ ಇದ್ದಲ್ಲೇ ಉಳಿದಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಚಿತ್ರದುರ್ಗದಿಂದ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದು ಸೇರಿದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ.

ಅಪರಾಧಿಯ ಗುರುತನ್ನು ಊರಿಂದೂರಿಗೆ ಸಾಗಿಸುವ ಪ್ರಯತ್ನದಲ್ಲಿ ಬೆರಳಚ್ಚು ದೊಡ್ಡ ಹೆಜ್ಜೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅಲ್ಲಿ ರೂಪುಗೊಂಡ ವರ್ಗೀಕರಣಕ್ಕೆ ಎಡ್ವರ್ಡ್ ಹೆನ್ರಿಯ ಹೆಸರು ಬಂತಾದರೂ, ಲೆಕ್ಕಾಚಾರದ ಬಹುಪಾಲು ದುಡಿಮೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಸಿಬ್ಬಂದಿಯದು. 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಅದಕ್ಕೂ ಮುಂಚಿನ ಇನ್ನೊಂದು ದಾಖಲಾತಿ ಮಾತ್ರ ದೊಡ್ಡ ಅನ್ಯಾಯ: 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. 1952ರಲ್ಲಿ ಕಾಯ್ದೆ ಹೋಯಿತು, ಅನುಮಾನ ಹೋಗಲಿಲ್ಲ. ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಆ ಭಾಷೆಯನ್ನು ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರ್‌ನಲ್ಲಿ.

ಸ್ವಾತಂತ್ರ್ಯಾನಂತರ ಬಹುಕಾಲ ಠಾಣೆಯ ನೆನಪು ಕಾಗದದಲ್ಲಿತ್ತು. ರೌಡಿ ಶೀಟ್, ಕೃತ್ಯದ ರೀತಿ ಬರೆದಿಡುವ ಎಂಒಬಿ ಹಾಳೆ, ವೈರ್‌ಲೆಸ್ ಸಂದೇಶ, ಮತ್ತೆ ಹಳೆಯ ಆಸಾಮಿಗಳ ಮುಖ ಬಲ್ಲ ಒಬ್ಬ ಹೆಡ್ ಕಾನ್‌ಸ್ಟೆಬಲ್. ಆತ ವರ್ಗವಾದರೆ ಆ ಠಾಣೆಯ ಅರ್ಧ ನೆನಪು ಅವನೊಂದಿಗೇ ಹೋಗುತ್ತಿತ್ತು.

ಹೀಗೆ ಚದುರಿದ ನೆನಪಿನ ಬೆಲೆ ಏನೆಂಬುದನ್ನು ಕರ್ನಾಟಕ ಕಂಡದ್ದು ‘ಸೈನೈಡ್ ಮೋಹನ್’ ಪ್ರಕರಣದಲ್ಲಿ. 2003ರಿಂದ 2009ರವರೆಗೆ ಬಂಟ್ವಾಳದ ಈ ಮಾಜಿ ಶಿಕ್ಷಕ ಮದುವೆಯ ಆಸೆ ತೋರಿಸಿ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಯುವತಿಯರನ್ನು ಮೈಸೂರು, ಮಡಿಕೇರಿ, ಹಾಸನಗಳಿಗೆ ಕರೆದೊಯ್ದ. ಒಡವೆಗಳನ್ನು ಲಾಡ್ಜ್‌ನಲ್ಲಿ ಬಿಡಿಸಿಟ್ಟು, ಗರ್ಭನಿರೋಧಕ ಮಾತ್ರೆಯೆಂದು ಸೈನೈಡ್ ಕೊಟ್ಟು, ಬಸ್ ನಿಲ್ದಾಣದ ಶೌಚಾಲಯಕ್ಕೆ ಕಳಿಸಿದ. ಯುವತಿಯ ಊರಿನ ಠಾಣೆಯಲ್ಲಿ ‘ಕಾಣೆ’ ಎಂಬ ದೂರು, ಬಸ್ ನಿಲ್ದಾಣದ ಊರಿನ ಠಾಣೆಯಲ್ಲಿ ‘ಅಪರಿಚಿತ ಮಹಿಳೆ, ಅಸಹಜ ಸಾವು’ ಎಂಬ ಯುಡಿಆರ್. ಶವದ ಪತ್ತೆ, ಜಾಗ, ಸಾವಿನ ರೀತಿ ಎಲ್ಲವೂ ದಾಖಲೆಯಲ್ಲೇ ಇದ್ದವು. ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಜಾಗವೇ ಇರಲಿಲ್ಲ. ಇಪ್ಪತ್ತು ಯುವತಿಯರು ಹೀಗೆ ಸತ್ತರೆಂದು ಬಯಲಾದದ್ದು 2009ರಲ್ಲಿ, ಬಂಟ್ವಾಳದ ಒಬ್ಬ ಯುವತಿಯ ನಾಪತ್ತೆಯನ್ನು ಫೋನ್ ಕರೆಗಳ ಜಾಡು ಹಿಡಿದು ಹುಡುಕಿದಾಗ.

ರಾಷ್ಟ್ರಮಟ್ಟದಲ್ಲಿ ದಾಖಲೆ ಕೂಡಿಸಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 1986ರಲ್ಲೇ ಬಂದಿತ್ತು. ಆದರೆ ಠಾಣೆ ಠಾಣೆಯ ಕಂಪ್ಯೂಟರನ್ನು ಒಂದಕ್ಕೊಂದು ಬೆಸೆಯುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2009ರ ಜೂನ್‌ನಲ್ಲಿ, ಮುಂಬೈ ದಾಳಿಯ ಮರುವರ್ಷ, ₹2,000 ಕೋಟಿ ವೆಚ್ಚಕ್ಕೆ. ಕರ್ನಾಟಕ ‘ಪೊಲೀಸ್ ಐಟಿ’ ಎಂಬ ತನ್ನದೇ ತಂತ್ರಾಂಶವನ್ನು ಕಟ್ಟಿಕೊಂಡು ಅದನ್ನು ರಾಷ್ಟ್ರೀಯ ಜಾಲಕ್ಕೆ ಜೋಡಿಸಿತು. ಕೋರ್ಟು, ಜೈಲು, ವಿಧಿವಿಜ್ಞಾನ ಪ್ರಯೋಗಾಲಯಗಳನ್ನು ಸೇರಿಸುವ ಐಸಿಜೆಎಸ್ ಅದರ ಮುಂದಿನ ಹೆಜ್ಜೆ.

ಹೆಸರಿನ ಹುಡುಕಾಟಕ್ಕೆ ಮಿತಿಯಿದೆ. ಕನ್ನಡ, ತಮಿಳು, ಇಂಗ್ಲಿಷ್ ದಾಖಲೆಗಳಲ್ಲಿ ಒಬ್ಬನದೇ ಹೆಸರು ಮೂರು ಥರ ಬರೆದಿರಬಹುದು. ಸುಳ್ಳು ಹೆಸರು ಹೇಳುವವರೂ ಇದ್ದಾರೆ. ಬೆರಳು ಹಾಗೆ ಬದಲಾಗದು. 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಬೆರಳಚ್ಚು ಜಾಲ ‘ನಾಫಿಸ್’ನಲ್ಲಿ ಪ್ರತಿ ಬಂಧಿತನ ಬೆರಳಚ್ಚಿಗೂ ಹತ್ತು ಅಂಕಿಯ ಸಂಖ್ಯೆಯಿದೆ. ರಾಜ್ಯದಲ್ಲಿ ರಾತ್ರಿ ಗಸ್ತಿನ ಪೊಲೀಸರ ಬಳಿ ಈಗ ಮೊಬೈಲಿಗೆ ಜೋಡಿಸುವ ಪುಟ್ಟ ಸ್ಕ್ಯಾನರ್ ಇದೆ. ಅನುಮಾನ ಬಂದವನ ಬೆರಳನ್ನು ಅದರ ಮೇಲಿಡಿಸಿದರೆ, ಹಳೆಯ ಪ್ರಕರಣವಿದ್ದಲ್ಲಿ ರಸ್ತೆಯಲ್ಲೇ ಗೊತ್ತಾಗುತ್ತದೆ.

ಆದರೂ ದತ್ತಾಂಶಕ್ಕೆ ಗೊತ್ತಿರುವುದು ಹಿಂದೆ ಸಿಕ್ಕಿಬಿದ್ದವರಷ್ಟೇ. 2024ರ ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯದೇ ಆದ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಮಿಕ್ಕಿ ಅಡವಿನ ಚಿನ್ನ ಕಳುವಾಯಿತು. ಕಿಟಕಿಯ ಸರಳು ಕತ್ತರಿಸಿ ಒಳಹೊಕ್ಕವರು ಸಿಸಿಟಿವಿಯ ಡಿವಿಆರ್ ಒಯ್ದಿದ್ದರು, ಶ್ವಾನದಳ ಜಾಡು ಹಿಡಿಯದಂತೆ ಖಾರದ ಪುಡಿ ಎರಚಿದ್ದರು. ಕೃತ್ಯದ ರೀತಿ ನೋಡಿ ತನಿಖೆ ಹೊರರಾಜ್ಯದ ಬ್ಯಾಂಕ್ ಕಳ್ಳರ ತಂಡಗಳತ್ತ ತಿರುಗಿತು. 2025ರ ಮಾರ್ಚ್ ಕೊನೆಗೆ ಪೊಲೀಸರು ಆರು ಮಂದಿಯನ್ನು ಬಂಧಿಸಿರುವುದಾಗಿ ಹೇಳಿದಾಗ, ಆರೋಪಿಗಳಲ್ಲಿ ನ್ಯಾಮತಿಯಲ್ಲೇ ಸಿಹಿತಿಂಡಿ ವ್ಯಾಪಾರ ಮಾಡುತ್ತಿದ್ದವರಿದ್ದರು. ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿಯ ಒಂದು ಬಾವಿಯಲ್ಲಿ.

ಜಾಲ ಹಿಗ್ಗಿದಂತೆ ತಪ್ಪು ನಮೂದಿನ ಪೆಟ್ಟೂ ಹಿಗ್ಗುತ್ತದೆ. 1920ರ ಕಾಯ್ದೆಯ ಜಾಗಕ್ಕೆ ಬಂದ 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬೆರಳಚ್ಚಿನ ಜೊತೆ ಕಣ್ಣಿನ ಪಾಪೆಯ ಗುರುತನ್ನೂ ಸಂಗ್ರಹಿಸಿ 75 ವರ್ಷ ಇಡಲು ಅವಕಾಶ ಕೊಡುತ್ತದೆ. ಹಿಂದೆ ಶಿಕ್ಷೆಯಾಗದ ವ್ಯಕ್ತಿ ಖುಲಾಸೆಯಾದರೆ ಅಳಿಸಬೇಕೆಂಬ ವಿಧಿ ಅದರಲ್ಲಿದೆ. ಆದರೆ ನಿಯಮಗಳ ಪ್ರಕಾರ ಅದಕ್ಕೆ ರಾಜ್ಯದ ನೋಡಲ್ ಅಧಿಕಾರಿಗೆ ಮನವಿ ಹೋಗಬೇಕು. ಬಂಧನದ ಮಾಹಿತಿ ಕ್ಷಣದಲ್ಲಿ ದೇಶದ ಎಲ್ಲ ಠಾಣೆಗೂ ಸಿಗುವಾಗ, ಖುಲಾಸೆಯ ಆದೇಶವೂ ಕೋರ್ಟಿನಿಂದ ತಾನಾಗಿ ಅದೇ ಜಾಲ ಸೇರಿ ದಾಖಲೆ ಅಳಿಯಬೇಕು. ಜಗಳೂರಿನ ಕೂಲಿಯವನೊಬ್ಬ ಅದಕ್ಕಾಗಿ ಬೆಂಗಳೂರಿಗೆ ಅರ್ಜಿ ಬರೆಯುವಂತಾಗಬಾರದು.