ಕಡ್ಲೇಕಾಯಿ ಪ್ರೋಟೀನು, ತೊಳೆದಿಟ್ಟ ಕುಣಿಕೆ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯವರಿಗೆ ಕಡ್ಲೇಕಾಯಿ ಬಗ್ಗೆ ನಾನೇನೂ ಹೇಳಬೇಕಿಲ್ಲ. ಆದ್ರೆ ಆ ಬೀಜದೊಳಗೆ ಲೆಕ್ಟಿನ್ ಅನ್ನೋ ಒಂದು ಪ್ರೋಟೀನ್ ಇದೆ. ಕೆಲವು ಕ್ಯಾನ್ಸರ್ ಜೀವಕೋಶಗಳ ಮೇಲಿರೋ ಸಕ್ಕರೆಯ ಗುರುತನ್ನ ಅದು ಹಿಡಿಯುತ್ತೆ. ಅದರ ಆಕಾರವನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡ ಬಿಡಿಸಿ, 1994ರಲ್ಲಿ ಪ್ರಕಟಿಸಿತು.

ವಿಜಯನ್ ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ಇನ್ಸುಲಿನ್ ತಂಡದಲ್ಲಿದ್ದು 1971ರಲ್ಲಿ ಮರಳಿದರು. ಪ್ರೋಟೀನ್ ಕೆಲಸಕ್ಕೆ ಬೇಕಾದ ಸಲಕರಣೆ ಇಲ್ಲಿ ಆಗ ಇರಲಿಲ್ಲ. ಮೊದಲು ಅಮೈನೋ ಆಮ್ಲದಂಥ ಸಣ್ಣ ಅಣುಗಳ ಮೇಲೆ ಕೆಲಸ ಮಾಡಿದರು, 1980ರ ದಶಕದಲ್ಲಿ ಪ್ರೋಟೀನ್ ಕೆಲಸ ಬೆಳೆಸಿದರು.

ಇಂಥ ಲ್ಯಾಬಿನ ಒಂದು ಸಣ್ಣ ಸಾಮಾನಿನ ಕಥೆ ಕೇಳಿ. ಪ್ರೋಟೀನ್ ಹರಳಿನಲ್ಲಿ ಸುಮಾರು ಅರ್ಧ ಪಾಲು ನೀರೇ. ಒಣಗಿದ್ರೆ ಕೆಟ್ಟಂತೆ. 1934ರಲ್ಲಿ ಬರ್ನಲ್ ಮತ್ತು ಇದೇ ಡೊರೊಥಿ, ಪೆಪ್ಸಿನ್ ಹರಳನ್ನ ಅದು ಬೆಳೆದ ದ್ರವದ ಸಮೇತ ಗಾಜಿನ ಸಣ್ಣ ನಳಿಗೆಯಲ್ಲಿಟ್ಟು ಎಕ್ಸ್‌ರೇ ಹಾಯಿಸಿದರು. ಮುಂದೆ ದಶಕಗಟ್ಟಲೆ ಅದೇ ಪದ್ಧತಿ. ಹರಳನ್ನ ನಳಿಗೆಗೆ ಎಳ್ಕೊಂಡು, ಎರಡೂ ತುದಿಗೆ ಮೇಣ ಮೆತ್ತೋದು. ಕೆಲಸ ಮುಗಿದ್ರೆ ನಳಿಗೆ ಸಾಮಾನ್ಯವಾಗಿ ಕಸಕ್ಕೆ.

1990ರಲ್ಲಿ ಟೆಂಗ್ ಅನ್ನೋ ವಿಜ್ಞಾನಿ ಸಣ್ಣ ಕುಣಿಕೆಯ ವಿಧಾನ ಪ್ರಕಟಿಸಿದರು. ಸೋಪಿನ ಗುಳ್ಳೆ ಊದೋ ಬಳೆಯಲ್ಲಿ ಪೊರೆ ನಿಲ್ಲುತ್ತಲ್ಲ, ಹಾಗೆ ದ್ರವದ ಪೊರೆಯಲ್ಲಿ ಹರಳು ನಿಲ್ಲುತ್ತೆ. ಅದನ್ನ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿ ಹೆಪ್ಪುಗಟ್ಟಿಸ್ತಾರೆ. ಈಗಿನ ಕುಣಿಕೆ ಹೆಚ್ಚಾಗಿ ನೈಲಾನಿನದು, ಅದರ ಕೆಳಗೆ ಉಕ್ಕಿನ ಪಿನ್ನು, ಅಯಸ್ಕಾಂತಕ್ಕೆ ಅಂಟೋ ಬುಡ.

ಬಿಕಾಂ ಓದಿದ ನನಗೆ ಕುತೂಹಲ ಹುಟ್ಟಿದ್ದು ಇಲ್ಲೇ. ಬಳಸಿ ಬಿಸಾಕೋ ಸರಕಿನ ಖಾತೆಯಲ್ಲಿದ್ದದ್ದು ಮತ್ತೆ ಮತ್ತೆ ಬಳಸೋ ಆಸ್ತಿಯ ಖಾತೆಗೆ ಬಂತು! ಕುಣಿಕೆಯನ್ನ ಶುದ್ಧ ನೀರಲ್ಲಿ, ಬೇಕಾದ್ರೆ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿದ್ರೆ ಮತ್ತೆ ಬಳಸಬಹುದು. ಕುಣಿಕೆ ಹರಿದ್ರೂ ಬುಡ ಹೊಸ ಪಿನ್ನಿಗೆ ಆಗುತ್ತೆ.

ಆದ್ರೆ ತೊಳೆದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಹಳೇ ಉಪ್ಪಿನ ಕಣ ಉಳಿದಿದ್ರೆ ಎಕ್ಸ್‌ರೇ ಚಿತ್ರದಲ್ಲಿ ಅದರ ಚುಕ್ಕೆಗಳೂ ಮೂಡುತ್ತವೆ. ಕುಣಿಕೆ ಸೊಟ್ಟಗಾಗಿದ್ರೆ ಹರಳು ಜಾರಬಹುದು. ಒಂದು ಒಳ್ಳೇ ಹರಳು ಬೆಳೆಸೋಕೆ ತಿಂಗಳುಗಳೇ ಹಿಡಿಯಬಹುದು. ಬಿತ್ತನೆಗೆ ಕಾಯಿ ಆರಿಸುವಾಗ ನಮ್ಮ ರೈತರು ಜೊಳ್ಳನ್ನ ಎತ್ತಿಡ್ತಾರೆ, ಹುಳುಕನ್ನ ಎತ್ತಿಡ್ತಾರೆ. ಲ್ಯಾಬಿನಲ್ಲೂ ಅನುಮಾನ ಬಂದ ಕುಣಿಕೆಯನ್ನ ಬಿಟ್ಟುಬಿಡೋದೇ ಅಗ್ಗ.