ಲಟೂನ್ ಕಿನ್ನರ ಪೊದೆ

ಲಟೂನ್ ಕಿನ್ನರ ಪೊದೆಯು ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ಹೆದ್ದಾರಿಯ ಪಕ್ಕದಲ್ಲಿರುವ ಒಂದು ಹಾಥಾರ್ನ್ ಗಿಡ. ಬಿಳಿಯ ಹೂ ಬಿಡುವ ಈ ಮುಳ್ಳುಗಿಡವು ಒಂಟಿಯಾಗಿ ಬೆಳೆದಿದ್ದರೆ ಅದು ಕಿನ್ನರರಿಗೆ ಸೇರಿದ್ದೆಂದೂ ಕಡಿದವರಿಗೆ ಕೇಡು ತಪ್ಪದೆಂದೂ ಐರಿಷ್ ಜನಪದರ ನಂಬಿಕೆ.

ಐತಿಹ್ಯ

ಮನ್‌ಸ್ಟರ್ ಪ್ರಾಂತ್ಯದ ಕಿನ್ನರರು ಕನಾಕ್ಟ್ ಪ್ರಾಂತ್ಯದ ಕಿನ್ನರರೊಡನೆ ಕಾಳಗಕ್ಕೆ ಹೊರಡುವ ಮುನ್ನ ಇಲ್ಲಿ ಸೇರುವರೆಂದು ಪ್ರತೀತಿ. ಗಿಡದ ಬಳಿ ಕಿನ್ನರರ ಹಸಿರು ನೆತ್ತರನ್ನು ಕಂಡುದಾಗಿ ಸ್ಥಳೀಯ ರೈತರೊಬ್ಬರು ಕಥೆಗಾರ ಎಡ್ಡಿ ಲೆನಿಹನ್ ಅವರಿಗೆ ತಿಳಿಸಿದ್ದರು.

ರಸ್ತೆ ವಿವಾದ

1999ರಲ್ಲಿ ಹೆದ್ದಾರಿ ಕಾಮಗಾರಿಯಿಂದ ಗಿಡಕ್ಕೆ ಅಪಾಯ ಒದಗಿದಾಗ ಲೆನಿಹನ್ ಪತ್ರಿಕೆಗೆ ಪತ್ರ ಬರೆದು, ಅದನ್ನು ಕಡಿದರೆ ಆ ರಸ್ತೆಯಲ್ಲಿ ಅಪಘಾತಗಳು ಸಂಭವಿಸಬಹುದೆಂದು ಎಚ್ಚರಿಸಿದರು. ವಿಷಯವು ವಿದೇಶಿ ಪತ್ರಿಕೆಗಳಲ್ಲಿಯೂ ವರದಿಯಾಯಿತು. ಕೊನೆಗೆ ಗಿಡವನ್ನು ಉಳಿಸಿಕೊಂಡೇ ರಸ್ತೆ ನಿರ್ಮಿಸಲಾಯಿತು. 2002ರಲ್ಲಿ ಕಿಡಿಗೇಡಿಗಳು ಕೊಂಬೆಗಳನ್ನು ಗರಗಸದಿಂದ ಕತ್ತರಿಸಿ ಹಾಕಿದರು. ಆದರೆ ಗಿಡವು ಮತ್ತೆ ಚಿಗುರಿತು.